ಕಡಲ ಬಾಗಿಲು, ನೆಲದ ಬಾಗಿಲು

ಕೊಲ್ಲಿ ನಾಡಿನ ಹವಲ್ಲಿಯ ಆ ಓಣಿಗೆ ಮಳೆ ಎಂದರೆ ವರ್ಷಕ್ಕೊಮ್ಮೆ ಬಂದು, ಕಾರುಗಳ ಧೂಳು ತೊಳೆದು, ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಹೊರಟುಹೋಗುವ ನೆಂಟ. ೨೦೧೮ರ ನವೆಂಬರಿನಲ್ಲಿ ಮಾತ್ರ ಆ ನೆಂಟ ಚಾಪೆ ಹಾಸಿಕೊಂಡು ಕೂತುಬಿಟ್ಟ. ಬೆಳಗಿನಿಂದ ಸುರಿದ ನೀರು ಮಧ್ಯಾಹ್ನಕ್ಕೆ ಮೊಬೈಲ್ ಅಂಗಡಿಗಳ ಮೆಟ್ಟಿಲೇರಿತು, ಇಳಿಹೊತ್ತಿನ ಅಸರ್ ನಮಾಝಿನ ವೇಳೆಗೆ ಕಾರುಗಳ ಚಕ್ರ ಮುಳುಗಿಸಿತು. ನೆಲಮಾಳಿಗೆಯಲ್ಲಿ ಲಿಫ್ಟಿನ ಮೋಟಾರು ನೀರು ಕುಡಿದು ಸತ್ತಿತು, ಅದರ ಹಿಂದೆಯೇ ಕರೆಂಟೂ ಹೋಯಿತು.

ಮೂರನೆಯ ಮಹಡಿಯ ಆಯಿಶತ್ ನಿಶಾಳ ಮನೆಯಲ್ಲಿ ಒಂದೇ ಮೇಣದಬತ್ತಿ ಉರಿಯುತ್ತಿತ್ತು. ಅದನ್ನು ತಂದವಳು ಮೇಲಿನ ಮಹಡಿಯ ವೈಲೆಟ್, ಆಸ್ಪತ್ರೆಯೊಂದರಲ್ಲಿ ನರ್ಸು. ನಿಶಾಳ ಗಂಡ ಮುಸ್ತಫಾ ಶುವೈಖಿನ ಗೋದಾಮಿನಲ್ಲಿ ಸಿಕ್ಕಿಕೊಂಡು, ರಸ್ತೆ ಕಾಣಿಸಿದ ಮೇಲೆ ಬರುತ್ತೇನೆಂದು ಮೆಸೇಜು ಹಾಕಿದ್ದ. ಬಾಲ್ಕನಿಯ ಬಾಗಿಲ ಬಳಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಪಕ್ಕದ ಮನೆಯ ಮಹಮ್ಮದ್ ಕುಂಞಿ ಕೂತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದು, ಮಂಡಿ ಸೋತು, ಊರಿಗೆ ಹೋಗಲೂ ಮನಸ್ಸಿಲ್ಲದೆ ಮಗನ ಮನೆಯಲ್ಲಿ ದಿನ ದೂಡುತ್ತಿದ್ದ ಮುದುಕರು. ವೈಲೆಟ್ ಇದ್ದುದರಿಂದ ಬ್ಯಾರಿ ಮಾತು ಬಿಟ್ಟು ಎಲ್ಲರೂ ಕನ್ನಡದಲ್ಲಿ ಮಾತಾಡುತ್ತಿದ್ದರು.

"ನೋಡಿ ವೈಲೆಟ್ ಆಂಟಿ, ಈ ನೀರಿನಲ್ಲಿ ಬಾಪ ಮಸೀದಿಗೆ ಹೋಗಿದ್ದಾರೆ" ಎಂದಳು ನಿಶಾ. "ಅಸರಿಗೆ ಹೋದವರು ರಾತ್ರಿಯ ಇಶಾ ಮುಗಿಸಿಯೇ ಬರುವುದು. ಉಳಿದ ನಮಾಝ್ ಬೇಕಾದರೆ ಮನೆಯಲ್ಲೂ ಮಾಡ್ತಾರೆ. ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ಮಾತ್ರ, ಜ್ವರ ಇರಲಿ, ಮರಳುಗಾಳಿ ಇರಲಿ, ಮಸೀದಿಯೇ ಆಗಬೇಕು. ಅದೂ ಸಾಲಿನ ನಡುವೆ, ಎರಡೂ ಕಡೆ ಜನ ಇರಬೇಕು."

"ನನ್ನ ಗಂಡ ಲಿಗೋರಿಯನ್ನು ರಜೆಯ ಶುಕ್ರವಾರ ಇಗರ್ಜಿಯ ಪೂಜೆಗೆ ಎಬ್ಬಿಸುವುದೇ ಒಂದು ಯುದ್ಧ ಮಾರಾಯ್ತಿ. ನಿನ್ನ ಬಾಪನ ಹತ್ರ ಟ್ಯೂಷನ್‌ಗೆ ಕಳಿಸ್ತೇನೆ" ಎಂದು ವೈಲೆಟ್ ನಕ್ಕಳು.

ಕುಂಞಿ ನಗಲಿಲ್ಲ. ಮಳೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ನಿನ್ನ ಬಾಪ ಖಲೀಲನನ್ನು ಬೈಬೇಡ ಮೋಳೇ. ಅವನು ಭಕ್ತಿಯಿಂದ ಹೋಗುವುದಲ್ಲ... ಹೆದರಿ ಹೋಗುವುದು."

ನಿಶಾ ಬಟ್ಟೆ ಮಡಚುತ್ತಿದ್ದ ಕೈ ನಿಲ್ಲಿಸಿದಳು.

"ನಿನ್ನನ್ನು ಸಾಕಿದ ಅಜ್ಜಿ, ನಿನ್ನ ಉಮ್ಮಮ್ಮ, ನನ್ನಿಂದ ಮಾತು ತೆಗೆದುಕೊಂಡಿದ್ದರು, ತಾನು ಬದುಕಿರುವ ತನಕ ಮಗುವಿನ ಕಿವಿಗೆ ಇದು ಬೀಳಬಾರದು ಅಂತ. ಅವರು ಮಣ್ಣಿಗೆ ಸೇರಿ ನಲವತ್ತು ದಿನವೂ ಕಳೆಯಿತು. ಇನ್ನು ಹೇಳಬಹುದು. ಬತ್ತಿ ಸ್ವಲ್ಪ ಈಚೆ ಇಡು, ಗಾಳಿ ಬರ್ತದೆ. ಹ್ಞಾಂ... ಕರಂಟೀನ ಅಂದರೆ ಗೊತ್ತುಂಟಾ ವೈಲೆಟ್ ಬಾಯಿ? ನಿಮ್ಮ ಆಸ್ಪತ್ರೆಯಲ್ಲಿ ಸೋಂಕಿನವರನ್ನು ಬೇರೆ ಕೋಣೆಯಲ್ಲಿ ಇಡ್ತೀರಲ್ಲ, ಹಾಗೆಯೇ, ಒಂದು ಕೋಣೆಯ ಬದಲು ಒಂದು ಇಡೀ ಕಟ್ಟಡ. ಈ ದೇಶದ ಕಡಲ ಕರೆಯಲ್ಲಿ ಅಂಥದ್ದೊಂದು ಇತ್ತು. ಎಲ್ಲಿ ಅಂತ ಕೇಳಬೇಡಿ, ಹೇಳುವುದಿಲ್ಲ... ಹುಡುಕಿಕೊಂಡು ಹೋಗುವವರು ಇರ್ತಾರೆ. ಇಂಗ್ಲಿಷರ ಕಾಲದ್ದು. ನಮ್ಮ ಕರಾವಳಿಯಿಂದ ಹಾಯಿಹಡಗು ಹತ್ತಿ ಹಜ್ಜಿಗೆ ಹೊರಟವರು ಇಲ್ಲಿ ಇಳಿದು ಒಂಟೆಗಳ ದಂಡು, ಕಾಫಿಲ, ಸೇರಿ ಮಕ್ಕದ ಕಡೆ ನಡೆಯುತ್ತಿದ್ದರಂತೆ. ಅವರ ಮೈಯಲ್ಲಿ ಕಾಲರಾ ಉಂಟೋ ಪ್ಲೇಗು ಉಂಟೋ ಅಂತ, ಊರೊಳಗೆ ಬಿಡುವ ಮೊದಲು ಹಾಜಿಗಳನ್ನು ಕೂಡಿಹಾಕಲು ಕಟ್ಟಿಸಿದ್ದು.

"ನಮ್ಮ ಕಂಪೆನಿಯ ಪೈಪುಗಳನ್ನು ಅಲ್ಲಿ ತುಂಬಿಡುತ್ತಿದ್ದರು, ನಾನು ಅಲ್ಲಿ ಕಾವಲು ಇದ್ದೆ, ಅದರ ಒಂದೊಂದು ಕಲ್ಲು ನನಗೆ ಗೊತ್ತು. ಎಂಥ ಕಟ್ಟಡ ಅಂತೀರಿ! ಕಡಲ ಕಡೆಗೆ ಒಂದು ಬಾಗಿಲು, ನೆಲದ ಕಡೆಗೆ ಒಂದು ಬಾಗಿಲು. ಕಡಲ ಬಾಗಿಲಿಂದ ಒಳಗೆ ಬರಬೇಕು, ನೆಲದ ಬಾಗಿಲಿಂದ ಹೊರಗೆ ಹೋಗಬೇಕು, ಬಂದ ಬಾಗಿಲಲ್ಲಿ ತಿರುಗಿ ಹೋಗುವ ಹಾಗಿಲ್ಲ. ನಡುವೆ ಒಂದು ದಪ್ಪ ಗೋಡೆ. ಆ ಗೋಡೆಯ ಹೊಟ್ಟೆಯೊಳಗೆ ಒಂದು ಕಬ್ಬಿಣದ ಒಲೆ, ಮನುಷ್ಯ ನಿಲ್ಲುವಷ್ಟು ದೊಡ್ಡದು, ಅದಕ್ಕೂ ಆಚೆಗೊಂದು ಈಚೆಗೊಂದು ಬಾಗಿಲು. ಹಾಜಿಗಳ ಬಟ್ಟೆಯನ್ನು ಈಚೆಯಿಂದ ತುರುಕುವುದು, ಹಬೆಯಲ್ಲಿ ಬೇಯಿಸುವುದು, ಆಚೆಯಿಂದ ತೆಗೆಯುವುದು. ಬಟ್ಟೆ ಬೇಯುವಷ್ಟು ಹೊತ್ತು ಬತ್ತಲೆ ಮನುಷ್ಯರು ಪಕ್ಕದ ಬಚ್ಚಲಲ್ಲಿ ಕಾರ್ಬಾಲಿಕ್ ಔಷಧಿ ನೀರಿನ ಕೆಳಗೆ... ಹಣ್ಣುಹಣ್ಣು ಮುದುಕರು, ಮೊಮ್ಮಕ್ಕಳ ಮುಂದೆ. ಕಿಟಕಿಗಳು ಸೂರಿನ ಹತ್ತಿರ. ಬೆಳಕು ಬರಬೇಕು, ಹೊರಗಿನದೇನೂ ಕಾಣಬಾರದು. ನೆಲ ಕೂಡ ಸಪಾಟಿಲ್ಲ, ಕಡಲ ಕಡೆಗೆ ಇಳಿಜಾರು. ಒಂದು ಲಿಂಬೆಹಣ್ಣು ಕೈಜಾರಿದರೆ ಅದು ಬಂದ ಕಡೆಗೇ ಉರುಳಿಕೊಂಡು ಹೋಗ್ತಿತ್ತು!

"ಆ ಇಂಜಿನಿಯರ್ ಗಾಳಿ ಯಾವ ಕಡೆ ಬೀಸ್ತದೆ ಅಂತ ನೋಡಿ ಕಟ್ಟಿದ್ದ, ನಮಾಝಿಗೆ ಮುಖ ಮಾಡುವ ಕಿಬ್ಲ ಯಾವ ಕಡೆ ಅಂತ ನೋಡಿರಲಿಲ್ಲ. ಹಾಗಾಗಿ ಹಾಜಿಗಳು ಗೋಡೆಗೆ ಓರೆಯಾಗಿ ನಿಂತು ನಮಾಝ್ ಮಾಡಬೇಕಿತ್ತು. ಯಾರೋ ಮೊಳೆಯಿಂದ ನೆಲದಲ್ಲಿ ಗೀರು ಎಳೆದಿದ್ದರು, ಸಾಲು ತಪ್ಪಬಾರದು ಅಂತ. ಎಲ್ಲ ಯೋಚನೆ ಮಾಡಿ ಕಟ್ಟಿದ್ದ ಪುಣ್ಯಾತ್ಮ, ಒಂದನ್ನು ಬಿಟ್ಟು. ಬರುವವರಿಗೆ ಬಾಗಿಲು ಇಟ್ಟ, ಹೋಗುವವರಿಗೆ ಬಾಗಿಲು ಇಟ್ಟ... ಒಳಗೆ ಸಾಯುವವರಿಗೆ ಬಾಗಿಲು ಇಟ್ಟಿರಲಿಲ್ಲ."

ಮುದುಕರು ಉಸಿರು ತೆಗೆದುಕೊಂಡರು. ಉಮ್ಮಮ್ಮ ರಾತ್ರಿ ಬೈತ್ ಹಾಡುವಾಗ ಒಂದು ಸಾಲು ಮುಗಿಸಿ ಹೀಗೆಯೇ ನಿಲ್ಲುತ್ತಿದ್ದರು. ಮುಂದಿನ ಸಾಲು ಬರುವ ತನಕ ಮಡಿಲಲ್ಲಿ ಮಲಗಿದ ನಿಶಾಳೂ ಉಸಿರು ಹಿಡಿದಿರುತ್ತಿದ್ದಳು. ಈಗಲೂ ಹಿಡಿದಳು.

"ಒಳಗೆ ಸತ್ತವರನ್ನು ಒಳಗಿನ ಅಂಗಳದಲ್ಲೇ ಸುಣ್ಣ ಸುರಿದು ಮುಚ್ಚಿದರಂತೆ. ಮೈ ತೊಳೆಯಲಿಲ್ಲ, ಕಫನ್ ಬಟ್ಟೆ ಇಲ್ಲ, ಸತ್ತವರ ಮೇಲೆ ಮಾಡುವ ಮಯ್ಯತ್ ನಮಾಝ್ ಇಲ್ಲ. ಜೊತೆಯಲ್ಲಿ ಬಂದವರನ್ನು ಆಚೆ ಬಾಗಿಲಿಂದ ಮೊದಲೇ ದಾಟಿಸಿ ಆಗಿತ್ತಲ್ಲ, ಮಾಡುವವರು ಯಾರು?

"ಇರಲಿ. ತೊಂಬತ್ತನೇ ಇಸವಿಗೆ ಬರ್ತೇನೆ. ಆಗಸ್ಟ್. ಇರಾಕಿ ಸೈನ್ಯ ಒಳಗೆ ಬಂದು ಊರು ಊರಾಗಿ ಉಳಿದಿರಲಿಲ್ಲ. ಖಲೀಲನನ್ನು ಕೆಲಸಕ್ಕೆ ಕರೆಸಿಕೊಂಡಿದ್ದ ಧಣಿ, ಅವನ ಕಫೀಲ್, ಸೌದಿಗೆ ಓಡಿದ, ಕೆಲಸ ಮಾಡುತ್ತಿದ್ದ ಅಂಗಡಿಯನ್ನು ದೋಚಿದರು. ಖಲೀಲ್ ಮತ್ತು ನಿನ್ನನ್ನು ಹೆತ್ತ ಉಮ್ಮ ಆಮಿನಮ್ಮ ಸಾಲ್ಮಿಯಾದಲ್ಲಿ, ಕಡಲೆದುರಿನ ಒಂದು ಕಟ್ಟಡದ ಹಿಂದಿನ ಕೋಣೆಯಲ್ಲಿ ಇದ್ದರು. ಸೈನಿಕರು ಕರೆಯಲ್ಲಿ ಕಂದಕ ತೋಡಿ ಆ ಕಟ್ಟಡ ಖಾಲಿ ಮಾಡಿಸಿದರು. ಅವಳಿಗೆ ತಿಂಗಳು ತುಂಬಿತ್ತು. ಕಾಲು ಬಾತು, ಒಂದು ಕಾಲಿನ ಬೆಳ್ಳಿಗೆಜ್ಜೆ ತೆಗೆಯಲಿಕ್ಕೇ ಆಗಲಿಲ್ಲ, ಇನ್ನೊಂದನ್ನು ಮಾತ್ರ ಬಿಚ್ಚಿ ಗಂಡನ ಕೈಗೆ ಕೊಟ್ಟಿದ್ದಳು..."

ನಿಶಾಳ ಕೈ ತಾನಾಗಿ ಕಪಾಟಿನ ಕಡೆ ಎದ್ದಿತು. ಉಮ್ಮಮ್ಮ ಮದುವೆಯ ದಿನ ಕೊಟ್ಟ ಒಂಟಿ ಗೆಜ್ಜೆ ಅಲ್ಲಿತ್ತು. ಇನ್ನೊಂದು ಎಲ್ಲಿ ಎಂದು ಕೇಳಿದ್ದಕ್ಕೆ ಉಮ್ಮಮ್ಮ ಮಾತು ಬದಲಿಸಿದ್ದರು.

"ಹ್ಞೂಂ, ಅದೇ" ಎಂದರು ಕುಂಞಿ, ಕಾಣದ ಕಣ್ಣಿಗೂ ಕಂಡಂತೆ. "ಬಸ್ರಾದ ದಾರಿಯಲ್ಲಿ ಅಮ್ಮಾನಿಗೆ ಹೋಗುವ ಬಸ್ಸುಗಳು ಹೊರಡ್ತವೆ ಅಂತ ಸುದ್ದಿ ಇತ್ತು. ನನ್ನ ಹತ್ತಿರ ಪಿಕಪ್ ಇತ್ತು, ಪೆಟ್ರೋಲು ಇರಲಿಲ್ಲ. ರಸ್ತೆಯಲ್ಲಿ ತಡೆಗಟ್ಟೆಗಳು. ಆಗ ನಾನೇ ಹೇಳಿದೆ, ಕರಂಟೀನದಲ್ಲಿ ಯಾರೂ ಇಲ್ಲ, ಅಲ್ಲಿ ಕಾದಿರಿ, ಪೆಟ್ರೋಲು ಸಿಕ್ಕಿದ ಕೂಡಲೇ ನೆಲದ ಕಡೆಯಿಂದ ಬರ್ತೇನೆ ಅಂತ. ಒಬ್ಬ ಮೀನಿನ ದೋಣಿಯವ ಅವರಿಬ್ಬರನ್ನು ಕರೆಯ ಉದ್ದಕ್ಕೂ ಕರೆದೊಯ್ದು ಅಲ್ಲಿ ಇಳಿಸಿದ. ದೋಣಿಯಲ್ಲಿ ಹೋದವರು ಯಾವ ಬಾಗಿಲಿಂದ ಒಳಗೆ ಹೋಗ್ತಾರೆ? ಕಡಲ ಬಾಗಿಲಿಂದ.

"ಇನ್ನು ಹೇಳುವುದು ಖಲೀಲ್ ನನಗೆ ಆಮೇಲೆ, ಬಸ್ಸಿನಲ್ಲಿ, ನಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ್ದು. ಮೊದಲ ದಿನ ಮಗ್ರಿಬಿಗೆ ಅವನು ಆ ಗೀರಿನ ಮೇಲೆ ಒಬ್ಬನೇ ನಿಂತ. ಆಮಿನಮ್ಮ ಒಳಕೋಣೆಯಲ್ಲಿ ನೋವು ತಿನ್ನುತ್ತಾ ಮಲಗಿದ್ದಳು. ಕೈಕಟ್ಟಿದ್ದಾನೆ ಅಷ್ಟೆ... ಬಲಭುಜದ ಮೇಲೆ ಯಾರೋ ಮೆತ್ತಗೆ ತಟ್ಟಿದರು. ನಮ್ಮಲ್ಲಿ ಒಂದು ಪದ್ಧತಿ ಉಂಟು ವೈಲೆಟ್ ಬಾಯಿ, ಒಬ್ಬ ಒಂಟಿಯಾಗಿ ನಮಾಝ್ ಮಾಡುವಾಗ ಇನ್ನೊಬ್ಬ ಬಂದರೆ ಭುಜ ತಟ್ಟಿ ಹಿಂದೆ ನಿಲ್ತಾನೆ. ನಾನೂ ಇದ್ದೇನೆ, ಇನ್ನು ನೀನು ಇಮಾಮ್, ಸ್ವರ ಏರಿಸಿ ಓದು ಅಂತ ಅದರ ಅರ್ಥ. ಖಲೀಲ್ ದೋಣಿಯವನೇ ತಿರುಗಿ ಬಂದ ಅಂದುಕೊಂಡ. ಸ್ವರ ಏರಿಸಿ ಫಾತಿಹ ಓದಿದ. ಮುಗಿಸುತ್ತಲೇ ಹಿಂದಿನಿಂದ ಆಮೀನ್ ಬಂತು. ಒಬ್ಬನದ್ದಲ್ಲ... ಕಟ್ಟಡ ತುಂಬಾ.

"ನಮಾಝ್ ಮುರಿಯುವ ಹಾಗಿಲ್ಲ. ಅಲ್ಲಾಹು ಅಕ್ಬರ್ ಅಂತ ತಕ್ಬೀರ್ ಹೇಳಿ ಬಗ್ಗಿದ. ಬಗ್ಗಿದಾಗ ನಮ್ಮ ಎರಡು ಕಾಲಿನ ನಡುವೆ ಹಿಂದಿನವರ ಪಾದ ಕಾಣ್ತದಲ್ಲ? ಕಂಡಿತು. ಸಾಲು ಸಾಲು ಒದ್ದೆ ಪಾದಗಳು. ಎದುರಿನ ಗೋಡೆಯಲ್ಲಿ ನೆರಳು ಕಂಡಿತು. ಅವನ ನೆರಳು ಬಗ್ಗಿತ್ತು, ಉಳಿದ ನೆರಳುಗಳು ನೆಟ್ಟಗೆ ನಿಂತಿದ್ದವು. ಒಂದೂ ಬಗ್ಗಲಿಲ್ಲ. ಬಗ್ಗದೆ, ಹಣೆ ನೆಲಕ್ಕೆ ಇಡದೆ, ನಿಂತೇ ಮುಗಿಸುವ ನಮಾಝ್ ಯಾವುದು ಮೋಳೇ?"

"ಮಯ್ಯತ್ ನಮಾಝ್" ಎಂದಳು ನಿಶಾ.

"ಅದೇ. ಅವರು ಕಾಯ್ತಿದ್ದದ್ದು ಅದಕ್ಕೆ. ನಾಲ್ಕು ತಕ್ಬೀರಿಗೆ, ನಾಲ್ಕು ಹೇಳಿದರೆ ಆ ನಮಾಝ್ ಮುಗಿಯಿತು. ಮಾರನೇ ದಿನ ಮಧ್ಯಾಹ್ನ ದಾಟಿದ ಮೇಲೆ ನೀನು ಹುಟ್ಟಿದೆ. ಹೊಕ್ಕುಳಬಳ್ಳಿ ಕೊಯ್ದದ್ದು ನಿನ್ನ ಬಾಪ, ಅವನ ಲುಂಗಿಯಲ್ಲೇ ನಿನ್ನನ್ನು ಸುತ್ತಿದ್ದು. ಆದರೆ ಆಮಿನಮ್ಮನ ರಕ್ತ ನಿಲ್ಲಲಿಲ್ಲ. ಆ ಇಳಿಜಾರು ನೆಲದಲ್ಲಿ ಅದು ಕಡಲ ಕಡೆಗೇ ಹರಿಯಿತಂತೆ..."

"ನಂಜು ಕೂತಿರಬೇಕು, ಇಲ್ಲಾ ಮಾಸು ಪೂರ್ತಿ ಬಿದ್ದಿರಲಿಕ್ಕಿಲ್ಲ" ಎಂದಳು ವೈಲೆಟ್ ಮೆಲ್ಲಗೆ. "ಒಂದು ಇಂಜೆಕ್ಷನ್ ಸಾಕಿತ್ತು ದೇವಾ..."

"ಎಲ್ಲಿಂದ ತರುವುದು? ಯಾರನ್ನು ಕರೆಯುವುದು? ನನ್ನ ಪಿಕಪ್ ಬರಲಿಲ್ಲ, ದೋಣಿ ಬರಲಿಲ್ಲ. ಮನುಷ್ಯನಿಗೆ ಎಲ್ಲ ಕಡೆಯೂ ಗೋಡೆಯೇ ಆದಾಗ ಏನು ಮಾಡ್ತಾನೆ? ಗೋಡೆಯ ಹತ್ತಿರವೇ ಬೇಡ್ತಾನೆ. ಮಗ್ರಿಬ್ ಹೊತ್ತಿಗೆ ಖಲೀಲ್ ಆ ಗೀರಿನ ಮೇಲೆ ನಿಂತು ಹೇಳಿದ: ನಿಮ್ಮ ನಮಾಝ್ ನಾನು ಮಾಡಿಕೊಡ್ತೇನೆ, ನೀವು ಹೋಗಿ ರಬ್ಬಾದ ಅಲ್ಲಾಹನ ಹತ್ತಿರ ನನ್ನ ಆಮಿನಳ ಜೀವ ಕೇಳಿಕೊಡಿ. ಭುಜದ ಮೇಲೆ ಕೈ ಬಿತ್ತು. ಸರಿ, ನಿಯ್ಯತ್ ಮಾಡಬೇಕಲ್ಲ, ಯಾರ ಮೇಲೆ ಈ ನಮಾಝ್ ಅಂತ ಮನಸ್ಸಿನಲ್ಲಿ ಕಟ್ಟಬೇಕಲ್ಲ? ಹೆಸರು ಗೊತ್ತಿಲ್ಲ, ಎಷ್ಟು ಮಂದಿ ಅಂತ ಗೊತ್ತಿಲ್ಲ. ಅವನಿಗೆ ಗೊತ್ತಿದ್ದದ್ದು ಆ ಕಟ್ಟಡ ಒಂದೇ. ಹಾಗಾಗಿ ಕಟ್ಟಡದಿಂದಲೇ ನಿಯ್ಯತ್ ಕಟ್ಟಿದ. ಕಡಲ ಬಾಗಿಲಿಂದ ಒಳಗೆ ಬಂದು ನೆಲದ ಬಾಗಿಲಿಂದ ಹೊರಗೆ ಹೋಗದೆ ಉಳಿದವರು ಯಾರೆಲ್ಲ ಇದ್ದಾರೋ, ಅವರೆಲ್ಲರ ಮೇಲೆ...

"ಈಗ ಹೇಳಿ. ಆ ಹೊತ್ತಿಗೆ ಅಲ್ಲಿ ಅಂಥವರು ಯಾರೆಲ್ಲ ಇದ್ದರು?"

ಬಾಲ್ಕನಿಯ ತಗಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು.

"ಉಮ್ಮ" ಎಂದಳು ನಿಶಾ.

"ನಾನು ಆಗಷ್ಟೇ ಪೆಟ್ರೋಲು ಹಾಕಿಸಿಕೊಂಡು ನೆಲದ ಬಾಗಿಲ ಎದುರು ಪಿಕಪ್ ನಿಲ್ಲಿಸಿದ್ದೆ. ತುಕ್ಕು ಹಿಡಿದು ಅಂಟಿಕೊಂಡಿದ್ದ ಬಾಗಿಲು, ಕಾವಲಿದ್ದಷ್ಟು ಕಾಲ ನಾನು ಅದು ತೆರೆದದ್ದನ್ನು ಕಂಡವನಲ್ಲ. ತೆರೆಯಿತು. ಕಾರ್ಬಾಲಿಕ್ ವಾಸನೆ ಬಂತು, ಮೂಗು ಸುಡುವ ಹಾಗೆ. ಆಮೇಲೆ ಜನ. ಬಿಳಿ ಬಟ್ಟೆ, ಒದ್ದೆ ತಲೆ, ಈಗಷ್ಟೇ ಮಿಂದವರ ಹಾಗೆ... ಒಬ್ಬರೂ ನನ್ನ ಕಡೆ ನೋಡಲಿಲ್ಲ. ಕೊನೆಯಲ್ಲಿ ಒಬ್ಬಳು ಹೆಂಗಸು. ಒಂದೇ ಕಾಲಲ್ಲಿ ಗೆಜ್ಜೆ. ಪಿಕಪ್ಪಿನ ಹತ್ತಿರ ನಿಂತು, 'ಕುಂಞಿಕಾಕ, ಕೂಸು ಒಳಗೆ ಉಂಟು' ಅಂದಳು. ಅಷ್ಟೇ. ನಾನು ಸಂತೋಷದಿಂದ ಓಡಿದೆ ಮೋಳೇ, ಹೆರಿಗೆ ಆಗಿ ಎದ್ದು ನಡೆದಾಡ್ತಿದ್ದಾಳೆ ಅಂತ! ಒಳಗೆ ಹೋಗಿ ನೋಡಿದರೆ ಆಮಿನಮ್ಮ ಚಾಪೆಯ ಮೇಲೆ ತಣ್ಣಗೆ ಮಲಗಿದ್ದಳು. ಅವಳ ಪಕ್ಕದಲ್ಲಿ ನೀನು ಕಣ್ಣು ಬಿಟ್ಟುಕೊಂಡು, ಅಳದೆ...

"ಅವಳು ನಮಾಝಿಗೆ ಮೊದಲೇ ಹೋಗಿದ್ದಳೋ, ನಮಾಝಿನಿಂದ ಹೋದಳೋ? ಅಲ್ಲಾಹನೇ ಬಲ್ಲ. ಮಣ್ಣು ಮಾಡುವ ಮೊದಲು ಮಯ್ಯತ್ ನಮಾಝಿಗೆ ನಿಲ್ಲು ಅಂದರೆ ಖಲೀಲ್ ನಿಲ್ಲಲಿಲ್ಲ. 'ಆಯಿತಲ್ಲ ಕುಂಞಿ, ನಾನೇ ಮಾಡಿದೆನಲ್ಲ' ಅಂದ. ನೆಲದ ಬಾಗಿಲಿಂದ ಅವಳನ್ನೂ ನಿನ್ನನ್ನೂ ಹೊರಗೆ ತಂದದ್ದು ನಾನು. ಅವನು ಆ ಬಾಗಿಲಿಗೆ ಬರಲೇ ಇಲ್ಲ. ತಿರುಗಿ ಕಡಲ ಬಾಗಿಲಿಗೆ ಹೋಗಿ, ಸೊಂಟದಷ್ಟು ನೀರಿನಲ್ಲಿ ಇಳಿದು, ಗೋಡೆ ಸುತ್ತಿ ಬಂದ. ಯಾಕೆ ಹೇಳು?"

ನಿಶಾಳಿಗೆ ಗೊತ್ತಾಯಿತು. "ಬಾಪ ಕೂಡ ಕಡಲ ಬಾಗಿಲಿಂದಲೇ ಒಳಗೆ ಹೋದವರು..."

"ತನ್ನ ಮಯ್ಯತ್ ನಮಾಝ್ ತಾನೇ ಮಾಡಿಕೊಂಡವನು ನಿನ್ನ ಬಾಪ. ನೆಲದ ಬಾಗಿಲು ದಾಟಿದರೆ ಸತ್ತವರ ಸಾಲು ಸೇರಿದ ಹಾಗೆ, ದಾಟದೆ ತಪ್ಪಿಸಿಕೊಂಡಿದ್ದಾನೆ ಅಷ್ಟೆ. ಕಾಫಿಲದ ನಿಯಮ ಗೊತ್ತುಂಟಲ್ಲ? ಒಬ್ಬ ಹಿಂದೆ ಉಳಿದರೆ ಉಳಿದವರು ಮುಂದೆ ಹೋಗುವುದಿಲ್ಲ, ಕರೆಯಲು ಬರ್ತಾರೆ. ಮಗ್ರಿಬಿಗೆ ಅವನು ಒಂಟಿಯಾಗಿ ನಿಂತರೆ ಭುಜ ತಟ್ಟುತ್ತಾರೆ. ತಟ್ಟಿದರೆ ಅವನಿಗೆ ಬಗ್ಗಲು ಆಗುವುದಿಲ್ಲ. ಹಾಗೆ ನಾಲ್ಕು ತಕ್ಬೀರ್ ಆಗಿಬಿಟ್ಟರೆ ಅವರ ಜೊತೆ ಹೊರಟ ಅಂತಲೇ. ಎರಡು ಸಲ ಹಾಗಾಗಿದೆ. ಎರಡು ಸಲವೂ ನಾನು ಹತ್ತಿರ ಇದ್ದೆ, ಭುಜ ಹಿಡಿದು ಅಲುಗಿಸಿದೆ. ಈಗ ನನಗೆ ಕಾಲಿಲ್ಲ. ಅದಕ್ಕೇ ಸಾಲಿನ ನಡುವೆ ನಿಲ್ಲುವುದು ಅವನು, ಎಡಕ್ಕೂ ಬಲಕ್ಕೂ ಜೀವ ಇರುವವರು ಬೇಕು ಅಂತ."

ಆಗ ಎದುರಿನ ಮಸೀದಿಯಲ್ಲಿ ಮಗ್ರಿಬಿನ ಬಾಂಗ್ ಎದ್ದಿತು. ನಿಶಾ ಸೆರಗು ತಲೆಗೆ ಎಳೆದುಕೊಂಡು, ತುಟಿಯಲ್ಲೇ ಉತ್ತರ ಹೇಳುತ್ತಾ ಬಂದಳು. ನಡುವೆ, ಓದಿ ಗೊತ್ತಿದ್ದರೂ ಬಾಂಗಿನಲ್ಲಿ ಎಂದೂ ಕೇಳದ ಮಾತೊಂದು ಬಂತು. ಬಾಂಗ್ ಕೊಡುವ ಮುಅದ್ದಿನ್ ಅದನ್ನು ಎರಡು ಸಲ ಕೂಗಿದ: ಸಲ್ಲೂ ಫೀ ರಿಹಾಲಿಕುಂ.

"ಏನದು?" ಎಂದಳು ವೈಲೆಟ್.

"ನಿಮ್ಮ ನಿಮ್ಮ ಮನೆಯಲ್ಲೇ ನಮಾಝ್ ಮಾಡಿ ಅಂತ" ಎಂದಳು ನಿಶಾ. "ಮಳೆ ಜೋರಿದ್ದರೆ ಹಾಗೆ ಕೂಗ್ತಾರೆ. ಮಸೀದಿಗೆ ಬರಬೇಡಿ ಅಂತ..."

ಅವಳು ಬಾಲ್ಕನಿಗೆ ಓಡಿದಳು.

ಕತ್ತಲಾಗುತ್ತಿದ್ದ ಓಣಿಯ ಆಚೆ ಮಸೀದಿಯ ಬಾಗಿಲು ತೆರೆದಿತ್ತು. ಒಳಗೆ ಬ್ಯಾಟರಿಯ ದೀಪವೊಂದು ಉರಿಯುತ್ತಿತ್ತು. ಮುಅದ್ದಿನ್ ಪ್ಯಾಂಟು ಮಡಚಿಕೊಂಡು ಪಕ್ಕದ ತನ್ನ ಕೋಣೆಯ ಕಡೆ ನೀರು ಸೀಳುತ್ತಾ ಹೋಗುತ್ತಿದ್ದ. ಅಷ್ಟು ದೊಡ್ಡ ಹಾಲಿನಲ್ಲಿ ಬಾಪ ಒಬ್ಬರೇ. ಎಷ್ಟೋ ಹೊತ್ತು ಬಾಗಿಲ ಕಡೆ ನೋಡಿದರು, ಯಾರಾದರೂ ಬರುತ್ತಾರೇನೋ ಎಂದು. ಆಮೇಲೆ ತಿರುಗಿ ಕೈ ಎತ್ತಿದರು, ಕಟ್ಟಿದರು.

"ಮೋಳೇ, ನನಗೆ ಕಾಣುವುದಿಲ್ಲ" ಎಂದರು ಕುಂಞಿ. "ಬಗ್ಗಿದನಾ?"

ಬಾಪನ ಬಲಭುಜ ಸಣ್ಣಗೆ ಬೆಚ್ಚಿತು. ಅಷ್ಟು ದೂರದಿಂದಲೂ ಕಂಡಿತು. ಸ್ವಲ್ಪ ಹೊತ್ತಿಗೆ ತಕ್ಬೀರಿನ ಸ್ವರ ಮಳೆಯ ನಡುವೆ ತೇಲಿ ಬಂತು. ಬಾಪ ನೆಟ್ಟಗೇ ನಿಂತಿದ್ದರು.

"ಬಗ್ಗಿದನಾ ಮೋಳೇ?"

"ಇಲ್ಲ."

"ಕೈ ಕಟ್ಟುವಾಗ ಒಂದು, ಈಗ ಎರಡಾಯಿತು! ಓಡು. ನೀನು ಆ ಬಾಗಿಲಿಂದ ಒಳಗೆ ಹೋದವಳಲ್ಲ, ಒಳಗೇ ಹುಟ್ಟಿದವಳು, ನೀನು ಅವರವಳಲ್ಲ. ಭುಜ ತಟ್ಟು, ಹಿಂದೆ ನಿಂತು ನೀನು ಬಗ್ಗು. ಏನು ಕಂಡರೂ ಬಗ್ಗು!"

ಮೆಟ್ಟಿಲುಗಳಲ್ಲಿ ಚಪ್ಪಲಿ ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಓಣಿಯ ನೀರು ತೊಡೆಯ ತನಕ ಬಂತು. ತಣ್ಣೀರು, ಡೀಸೆಲ್ ವಾಸನೆ, ತೇಲುವ ರಟ್ಟಿನ ಪೆಟ್ಟಿಗೆಗಳು. ಯಾ ರಬ್ಬೀ, ಯಾ ರಬ್ಬೀ ಎಂಬುದರ ಆಚೆಗೆ, ಬಾಯಿಪಾಠ ಬರುತ್ತಿದ್ದ ಅಷ್ಟೂ ದುಆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಸೀದಿಯ ಮೆಟ್ಟಿಲೇರುವಾಗ ಮೂರನೆಯ ತಕ್ಬೀರ್ ಕೇಳಿತು. ಹೊಸ್ತಿಲು ದಾಟುತ್ತಲೇ ಡೀಸೆಲ್ ವಾಸನೆ ಹೋಯಿತು. ಬೇರೆ ವಾಸನೆ ಮೂಗನ್ನು ಸುಟ್ಟಿತು.

ಹಾಲಿನಲ್ಲಿ ಬಾಪನ ಹೊರತು ಯಾರೂ ಇರಲಿಲ್ಲ. ರತ್ನಗಂಬಳಿ ಮಾತ್ರ ಹೆಜ್ಜೆ ಇಟ್ಟಲ್ಲೆಲ್ಲ ಒದ್ದೆ. ಬಾಪ ಕಿಬ್ಲದ ಗೋಡೆಗೆ ನೇರವಾಗಿ ನಿಂತಿರಲಿಲ್ಲ, ಓರೆಯಾಗಿ ನಿಂತಿದ್ದರು. ನಾಲ್ಕನೆಯದಕ್ಕೆ ಅವರ ಎದೆ ಉಸಿರು ತುಂಬಿಕೊಳ್ಳುವುದು ಬೆನ್ನಿನಿಂದಲೇ ಕಾಣುತ್ತಿತ್ತು. ನಿಶಾ ಕೈ ಚಾಚಿ ಬಲಭುಜ ತಟ್ಟಿದಳು. ಅಂಗಿ ಒದ್ದೆಯಾಗಿತ್ತು, ಕೆಳಗಿನ ಮೈ ಕಲ್ಲಿನ ಹಾಗೆ ತಣ್ಣಗಿತ್ತು. ಮತ್ತೆ ತಟ್ಟಿದಳು. ಹಿಂದೆ ಸರಿದು, ಬಾಪನಿಗೆ ಕೇಳಲೆಂದೇ ಗಟ್ಟಿಯಾಗಿ ತಕ್ಬೀರ್ ಹೇಳಿ ಕೈ ಕಟ್ಟಿದಳು. ಇಮಾಮನಿಗಿಂತ ಮೊದಲು ಬಗ್ಗಬಾರದೆಂದು ಚಿಕ್ಕಂದಿನಿಂದ ಕಲಿತವಳು, ಅಂದು ಮೊದಲು ಬಗ್ಗಿದಳು.

"ಅಲ್ಲಾಹು ಅಕ್ಬರ್" ಎಂದರು ಬಾಪ. ಸ್ವರ ಒಡೆದಿತ್ತು. ಅವರ ಮಂಡಿ ಲಟಕ್ಕೆಂದಿತು. ಬಗ್ಗಿದರು.

ಬಗ್ಗಿದ ನಿಶಾಳ ಕಣ್ಣು ತನ್ನ ಎರಡು ಪಾದಗಳ ನಡುವಿನಿಂದ ಹಿಂದಕ್ಕೆ ಹೋಯಿತು. ಅಲ್ಲಿ ಪಾದಗಳಿದ್ದವು. ಸಾಲಿನ ಹಿಂದೆ ಸಾಲು, ಬಾಗಿಲ ತನಕ, ನೆಟ್ಟಗೆ ನಿಂತ ಒದ್ದೆ ಪಾದಗಳು. ಎಲ್ಲಕ್ಕಿಂತ ಹತ್ತಿರ, ಅವಳ ಹಿಮ್ಮಡಿಗೆ ತಾಗುವಷ್ಟು ಹತ್ತಿರ, ಬಾತ ಒಂದು ಕಾಲು. ಅದರಲ್ಲಿ ಬೆಳ್ಳಿಯ ಗೆಜ್ಜೆ.

ಕಣ್ಣು ಮುಚ್ಚಿಕೊಂಡೇ ಅವಳು ನಮಾಝ್ ಮುಗಿಸಿದಳು. ಬಲಕ್ಕೆ ಸಲಾಂ ಹೇಳುವಾಗಲೂ ತೆರೆಯಲಿಲ್ಲ, ಎಡಕ್ಕೆ ಹೇಳುವಾಗಲೂ ತೆರೆಯಲಿಲ್ಲ.

ನೀರಿನಲ್ಲಿ ತಂದೆಯನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು. ಕಟ್ಟಡದ ಮೆಟ್ಟಿಲ ಬಳಿ ಬಾಪ ನಿಂತರು. ಮುಖದಿಂದ ಮಳೆ ಇಳಿಯುತ್ತಿತ್ತು.

"ಯಾಕೆ ತಟ್ಟಿದಿ ಮೋಳೇ?" ಎಂದರು, ಮಗುವಿನ ಹಾಗೆ. "ಒಂದೇ ಬಾಕಿ ಇತ್ತು... ಅವಳು ಕಾಯ್ತಿದ್ದಳು."

ನಿಶಾ ಅವರ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮೇಲೆ ವೈಲೆಟ್ ಟವೆಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಾಪನನ್ನು ಒಳಕೋಣೆಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ ನಿಶಾ ಹೊರಗೆ ಬಂದಳು. ಕುಂಞಿ ಅದೇ ಕುರ್ಚಿಯಲ್ಲಿ, ಅದೇ ಮಳೆಯ ಕಡೆ ಮುಖ ಮಾಡಿ ಕೂತಿದ್ದರು.

"ಎಷ್ಟು ಮಂದಿ ಬಗ್ಗಿದಿರಿ?"

"ಇಬ್ಬರೇ."

"ಹ್ಞಾಂ." ಮುದುಕರು ತಲೆಯಾಡಿಸಿದರು. ಆಮೇಲೆ ಕೈ ಚಾಚಿ ಮೇಣದಬತ್ತಿಯ ಬೆಂಕಿಗೆ ಅಡ್ಡ ಹಿಡಿದರು, ಗಾಳಿಗೆ ಆರಬಾರದೆಂದು.

"ಮುಸ್ತಫಾನ ಮೆಸೇಜು ಬಂತು, ವೈಲೆಟ್ ಬಾಯಿ ಓದಿದರು. ರಸ್ತೆ ಇನ್ನೂ ಬಂದ್ ಅಂತೆ... ನಾಳೆಯ ಮಗ್ರಿಬಿಗೂ ಮಳೆ ಉಂಟಂತೆ ಮೋಳೇ."